ಪಿಕಪ್‌ಗೆ ಲಾಕ್: ಮುಂದಿನ ಗಾಲಿಗೋ, ಹಿಂದಿನ ಗಾಲಿಗೋ?

ನಮ್ಮದು ರೋಣ ತಾಲ್ಲೂಕಿನ ಎರೆ ನೆಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ನೀರಾವರಿ ಇಲ್ಲ. 2023ರ ಬರದಲ್ಲಿ ಮೇವು ಸಾಲದೆ ಎತ್ತಿನ ಜೋಡಿ ಮಾರಿದೆ. ಆ ಹಣಕ್ಕೆ ಅಷ್ಟು ಕೈಗಡ ಸೇರಿಸಿ ಒಂದು ಹಳೇ ಫೋರ್ ವ್ಹೀಲ್ ಪಿಕಪ್ ತಂದೆವು. ನಾಲ್ಕೂ ಗಾಲಿ ಎಳೆಯುವ ಗಾಡಿ, ಇನ್ನು ಕೆಸರಿನ ಚಿಂತೆ ಇಲ್ಲ ಅಂದುಕೊಂಡಿದ್ದೆ.

2024ರ ಆಗಸ್ಟಿನಲ್ಲಿ ಆ ಭ್ರಮೆ ಹೋಯಿತು. ರಾಶಿ ಮಾಡಿ 14 ಚೀಲ ಹೆಸರು ಹೇರಿಕೊಂಡು ಸಂಜೆ ಹೊರಟೆವು. ಹೊಲದ ಹಾದಿಯಲ್ಲಿ ಒಂದು ಸಣ್ಣ ಹಳ್ಳ ದಾಟಬೇಕು. ಏರು ಹತ್ತುವಾಗ ಗಾಡಿ ನಿಂತಿತು. ಇಳಿದು ನೋಡಿದರೆ ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಬರ್ರನೆ ತಿರುಗುತ್ತಿವೆ. ಉಳಿದ ಎರಡು ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿವೆ! ರಾತ್ರಿ ಮಳೆ ಬಂತು. ತಾಡಪಾಲಿನ ಒಳಗೂ ನೀರು ಇಳಿಯಿತು. ಬೆಳಿಗ್ಗೆ ಪಕ್ಕದ ಹೊಲದವರ ಎತ್ತು ಕಟ್ಟಿ ಎಳೆಸಿದೆವು. ಎತ್ತು ಮಾರಿ ತಂದ ಗಾಡಿಯನ್ನು ಎತ್ತೇ ಎಳೆಯಬೇಕಾಯಿತು. ಊರಲ್ಲಿ ಇದನ್ನು ಹೇಳಿ ನಗದವರಿಲ್ಲ. ನಗಲಿ. ಆದರೆ ಆ ವರ್ಷ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ ಇತ್ತು. ನನ್ನ ನೆನೆದ ಮಾಲು 5,500ಕ್ಕೆ ಹೋಯಿತು. ಕೈಗಡ ಹಾಗೇ ಉಳಿಯಿತು.

ನಾಲ್ಕು ಗಾಲಿಯ ಗಾಡಿಯಲ್ಲಿ ಎರಡೇ ಗಾಲಿ ಯಾಕೆ ತಿರುಗಿದವು? ಇದನ್ನು ತಿಳಿಯಲು ನನಗೆ ನೊಗ ನೆನಪು ಮಾಡಿಕೊಳ್ಳಬೇಕಾಯಿತು. ನೊಗದ ನಡುವೆ ಒಂದೇ ಕಡೆ ಈಸು ಕಟ್ಟಿರುತ್ತೇವೆ. ಒಂದು ಎತ್ತು ಎಳೆಯದೆ ಸಡಿಲ ಬಿಟ್ಟರೆ ಇನ್ನೊಂದು ಎಷ್ಟು ಜಗ್ಗಿದರೂ ನೊಗ ಓರೆಯಾಗುತ್ತದೆ, ನೇಗಿಲು ಮುಂದೆ ಬರುವುದಿಲ್ಲ. ಸೋತ ಎತ್ತು ಎಷ್ಟು ಎಳೆಯುತ್ತದೋ ಅಷ್ಟೇ ಬಲ ಗಟ್ಟಿ ಎತ್ತಿಂದಲೂ ಸಿಗುವುದು. ಗಾಡಿಯ ಡಿಫರೆನ್ಷಿಯಲ್ ಅಂದರೆ ಇದೇ ನೊಗ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡಲು ಅದನ್ನು ಇಟ್ಟಿದ್ದಾರೆ. ಕೆಸರಿನಲ್ಲಿ ಅದೇ ಮುಳುವು. ನಮ್ಮಂಥ ಗಾಡಿಯಲ್ಲಿ ಮುಂದೊಂದು ನೊಗ, ಹಿಂದೊಂದು ನೊಗ. ಫೋರ್ ವ್ಹೀಲ್ ಗೇರು ಹಾಕಿದಾಗ ಮುಂದಿನ ಶಾಫ್ಟು ಹಿಂದಿನ ಶಾಫ್ಟು ಒಂದಾಗುತ್ತವೆ, ಆದರೆ ಎಡಬಲ ಗಾಲಿಗಳು ಒಂದಾಗುವುದಿಲ್ಲ.

ಲಾಕರ್ ಅಂದರೆ ನೊಗವನ್ನು ಈಸಿಗೆ ಅಲುಗಾಡದಂತೆ ಬಿಗಿದು ಕಟ್ಟುವುದು. ಎರಡೂ ಗಾಲಿ ಒಟ್ಟಿಗೇ ತಿರುಗಬೇಕು. ಟ್ರ್ಯಾಕ್ಟರಿನಲ್ಲಿ ಹಿಮ್ಮಡಿಯ ಹತ್ತಿರ ಇರುವ ಪೆಡಲು ಇದೇ ಕೆಲಸದ್ದು. ಲಿಮಿಟೆಡ್ ಸ್ಲಿಪ್ ಅಂದರೆ ಅರ್ಧ ಬಿಗಿ. ಒಂದು ಗಾಲಿ ಜಾರಿದರೆ ಸ್ವಲ್ಪ ಬಲ ಇನ್ನೊಂದಕ್ಕೆ ದಾಟಿಸುತ್ತದೆ. ಇದರಲ್ಲಿ ಪ್ಲೇಟಿನದು ಒಂದು ಬಗೆ. ಪ್ಲೇಟು ಸವೆಯುತ್ತವೆ, ಅದರದೇ ಎಣ್ಣೆ ಹಾಕಬೇಕು. ಗೇರಿನದು ಇನ್ನೊಂದು ಬಗೆ, ಸವೆತ ಕಡಿಮೆ. ಆದರೆ ಗೇರಿನದರಲ್ಲಿ ಒಂದು ಗುಟ್ಟಿದೆ. ಜಾರುವ ಗಾಲಿಗೆ ಇರುವ ಹಿಡಿತವನ್ನು ಇಷ್ಟು ಪಟ್ಟು ಮಾಡಿ ಇನ್ನೊಂದಕ್ಕೆ ಕೊಡುತ್ತದೆ. ಗಾಲಿ ನೆಲ ಬಿಟ್ಟು ಎದ್ದರೆ ಹಿಡಿತ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ? ಏಳನೇ ಇಯತ್ತೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು. ಅಂಥ ಹೊತ್ತಿನಲ್ಲಿ ಬ್ರೇಕು ಹಗುರ ಒತ್ತಿ ಎಕ್ಸಿಲೇಟರ್ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ.

ಮಗನ ಹಟ ಮುಂದಿನ ಗಾಲಿಗೇ ಲಾಕ್ ಹಾಕಿಸಬೇಕು ಅಂತ. "ಯಪ್ಪಾ, ಮುಂದಿನದು ಎಳದ್ರ ಹಿಂದಿನದು ತಾನಾಗೇ ಬರತೈತಿ" ಅಂದ. ಹುಬ್ಬಳ್ಳಿಯ ಒಬ್ಬ ಮಿಸ್ತ್ರಿ "ಮುಂದ ಲಿಮಿಟೆಡ್ ಸ್ಲಿಪ್ ಹಾಕ್ರಿ, ಸ್ಟೇರಿಂಗ್ ಹಗುರ ಇರತೈತಿ" ಅಂದರು. ಗದಗಿನ ವಯಸ್ಸಾದ ಮಿಸ್ತ್ರಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಯಜಮಾನ್ರ, ನೀವು ಸಿಗಿಬೀಳೂದು ಹೇರಿದಾಗೋ, ಬರಿಗಾಡಿ ಇದ್ದಾಗೋ?"

ಆ ಪ್ರಶ್ನೆಯಲ್ಲೇ ಉತ್ತರ ಇತ್ತು. ಬರಿಗಾಡಿಯಲ್ಲಿ ಎಂಜಿನ್ ತೂಕ ಮುಂದೆ. ಚೀಲ ಹೇರಿದ ಮೇಲೆ ತೂಕ ಹಿಂದೆ, ಏರು ಹತ್ತುವಾಗ ಇನ್ನೂ ಹಿಂದಕ್ಕೆ. ತೂಕ ಇದ್ದಲ್ಲಿ ಹಿಡಿತ. ನಾನು ಸಿಗಿಬೀಳುವುದು ಹೇರಿದಾಗಲೇ. ಮುಂದೆ ಲಾಕ್ ಹಾಕಿದರೆ ಇನ್ನೂ ಎರಡು ತೊಂದರೆ. ಲಾಕ್ ಬಿದ್ದಾಗ ಗಾಡಿ ನೆಟ್ಟಗೇ ಹೋಗಲು ನೋಡುತ್ತದೆ, ಸ್ಟೇರಿಂಗ್ ಕೈಗೆ ಬರುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಿಲೇಟರ್ ಒತ್ತಿದರೆ ಗಾಲಿಯ ಹತ್ತಿರದ ಜಾಯಿಂಟು ಮುರಿಯುವ ಭಯ. ಹಿಂದಿನ ಶಾಫ್ಟಿಗೆ ಅಂಥ ಮಡಿಕೆ ಇಲ್ಲ.

ಕಂಪನಿಯವರೂ ಹೆಚ್ಚಾಗಿ ಹಿಂದೆಯೇ ಮೊದಲು ಕೊಡುತ್ತಾರೆ. 2020ರ ಥಾರ್ ಗಾಡಿಯಲ್ಲಿ ತಾನಾಗಿ ಬೀಳುವ ಲಾಕ್ ಇರುವುದು ಹಿಂದೆ. 2022ರಲ್ಲಿ ನಮ್ಮ ದೇಶಕ್ಕೆ ಬಂದ ಹೈಲಕ್ಸ್ ಪಿಕಪ್‌ನಲ್ಲೂ ಹಿಂದೆ. ಗುರ್ಖಾ ಗಾಡಿಯಲ್ಲಿ ಮಾತ್ರ ಹಿಂದೆ ಮುಂದೆ ಎರಡೂ ಇವೆ. ಅಲ್ಲಿಯೂ ಬೇಕೆಂದಾಗ ಹಾಕಿ ತೆಗೆಯುವಂಥದ್ದು.

ನಾನು ಹಿಂದಿನದಕ್ಕೆ ಸ್ವಿಚ್ಚಿನ ಲಾಕ್ ಹಾಕಿಸಿದೆ. ಮುಂದಿನದಕ್ಕೂ ಹಾಕಿಸಿದ್ದರೆ ಆ ಹಣಕ್ಕೆ ಒಂದು ಪ್ರಾಯದ ಎತ್ತು ಬರುತ್ತಿತ್ತು. ಹಳೇ ಗಾಡಿ ಕೊಳ್ಳುವವರಿಗೆ ಇಲ್ಲೊಂದು ಮಾತು. "ಹಿಂದ ಲಿಮಿಟೆಡ್ ಸ್ಲಿಪ್ ಐತಿ" ಅಂತ ಮಾರುವವರು ಹೇಳಿದರೆ ನಂಬಬೇಡಿ. ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಗಾಲಿ ಜಾಕಿನಿಂದ ಎತ್ತಿ, ಹ್ಯಾಂಡ್‌ಬ್ರೇಕು ಬಿಟ್ಟು, ನ್ಯೂಟ್ರಲ್ಲಿನಲ್ಲಿಟ್ಟು ಒಂದು ಗಾಲಿ ಕೈಯಿಂದ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಉಂಟು. ಈಗ ಗೇರಿನಲ್ಲಿಟ್ಟು ಮತ್ತೆ ತಿರುಗಿಸಿ. ಇನ್ನೊಂದು ಉಲ್ಟಾ ಸರಾಗ ತಿರುಗಿದರೆ ಪ್ಲೇಟಿನದು ಇಲ್ಲ, ಅಥವಾ ಪ್ಲೇಟು ಸವೆದಿವೆ.

2025ರ ಆಗಸ್ಟಿನಲ್ಲೂ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯಿತು. ಅದೇ ಹಳ್ಳ, 12 ಚೀಲ. ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಗಾಲಿ ನೆಟ್ಟಗೆ ಮಾಡಿ, ಲಾಕ್ ಹಾಕಿ ಮೆಲ್ಲಗೆ ಬಿಟ್ಟೆ. ಹತ್ತಿತು. ಮಗ ಮೇಲೆ ನಿಂತು ಕೇಕೆ ಹಾಕಿದ. ಖುಷಿಯಲ್ಲಿ ನಾನು ಲಾಕ್ ತೆಗೆಯುವುದು ಮರೆತೆ. ಡಾಂಬರು ರಸ್ತೆಗೆ ಹೊರಳುವಾಗ ಟೈರು ಕಿರುಗುಟ್ಟಿ, ಒಳಗೆ ಠಕ್ ಎಂದಿತು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಈಗ ಸ್ವಿಚ್ಚಿನ ಮೇಲೆ ಕೆಂಪು ದೀಪ ಕೂಡಿಸಿದ್ದೇನೆ.

ಎಲ್ಲ ಕಡೆ ಹೀಗೆ ಆಗಿಲ್ಲ. ಸೆಪ್ಟೆಂಬರಿನಲ್ಲಿ ಹದ ಆರದ ಹೊಲದೊಳಗೆ ಇಳಿಸಿದ್ದಕ್ಕೆ ಹಿಂದಿನ ಎರಡೂ ಗಾಲಿ ಕೂಡಿಯೇ ಹೂತುಕೊಂಡವು. ಟೈರಿನ ಕಚ್ಚುಗಳಲ್ಲಿ ಎರೆ ಮಣ್ಣು ತುಂಬಿ ಟೈರು ಬೋಳು ತಲೆಯಂತಾಗಿತ್ತು. ಅಲ್ಲಿ ಯಾವ ಲಾಕೂ ನಡೆಯುವುದಿಲ್ಲ. ಅಡ್ಡ ಇಳಿಜಾರಿನಲ್ಲೂ ಜೋಪಾನ. ಲಾಕ್ ಇದ್ದರೆ ಎರಡೂ ಗಾಲಿ ಒಮ್ಮೆಗೇ ಜಾರಿ ಗಾಡಿಯ ಹಿಂಭಾಗ ಕೆಳಕ್ಕೆ ಸರಿಯುತ್ತದೆ. ಒಡ್ಡಿನ ಮಗ್ಗುಲಲ್ಲಿ ನನಗೆ ಒಮ್ಮೆ ಎದೆ ಝಲ್ಲೆಂದಿತ್ತು.

ಲಾಕಿಗೆ ಹಣ ಇಲ್ಲದವರು ಒಂದು ಉಪಾಯ ನೋಡಬಹುದು. ಹಿಂದಿನ ಒಂದೇ ಗಾಲಿ ತಿರುಗುತ್ತಿದ್ದರೆ ಹ್ಯಾಂಡ್‌ಬ್ರೇಕು ಎರಡು ಮೂರು ಹಲ್ಲು ಎಳೆದು ಮೆಲ್ಲಗೆ ಎಕ್ಸಿಲೇಟರ್ ಕೊಡಿ. ನಿಂತ ಗಾಲಿಗೂ ಅಷ್ಟು ಬಲ ಸಿಗುತ್ತದೆ. ಹ್ಯಾಂಡ್‌ಬ್ರೇಕು ಗೇರುಬಾಕ್ಸಿನ ಹಿಂದೆ ಶಾಫ್ಟಿಗೆ ಇರುವ ಹಳೇ ಗಾಡಿಗಳಲ್ಲಿ ಇದು ಆಗದು.

ಮಗ ಇನ್ನೂ ಮುಂದಿನ ಲಾಕ್ ಬಿಟ್ಟಿಲ್ಲ. ನಾನು ಈ ಬೇಸಿಗೆಗೆ ಹಳ್ಳದ ಏರಿಗೆ ನಾಲ್ಕು ಟ್ರೇಲರ್ ಗರಸು ಹಾಕಿಸೋಣ ಅಂದಿದ್ದೇನೆ. ಹಾದಿಯ ಐದು ಮನೆಯವರು ಕೂಡಿದರೆ ಖರ್ಚು ಹಂಚಿಹೋಗುತ್ತದೆ. ಎರೆ ನೆಲದಲ್ಲಿ ಮುಂದಿನ ಗಾಲಿಗೆ ಲಿಮಿಟೆಡ್ ಸ್ಲಿಪ್ ಹಾಕಿಸಿ ಒಂದೆರಡು ಮಳೆಗಾಲ ಓಡಿಸಿದವರು ಇದ್ದರೆ ಪತ್ರಿಕೆಗೆ ಬರೆಯಿರಿ. ಸ್ಟೇರಿಂಗ್ ಹೇಗಿರುತ್ತದೆ, ಪ್ಲೇಟು ಎಷ್ಟು ದಿನ ಬಂದವು ಎಂಬುದು ನನಗೂ ಮಗನಿಗೂ ಬೇಕಾಗಿದೆ.