ಜಗಳದ ಕೂಸು ಇನ್ಸ್‌ಪೆಕ್ಟರ್ ಕ್ಲೂಸೋ

1963ರ ‘ದಿ ಪಿಂಕ್ ಪ್ಯಾಂಥರ್’ ಕ್ಲೂಸೋನ ಸಿನಿಮಾ ಆಗಬೇಕಾಗಿರಲಿಲ್ಲ. ವಜ್ರ ಕದಿಯುವ ಸೊಗಸುಗಾರ ಕಳ್ಳನ ಪಾತ್ರದ ಡೇವಿಡ್ ನಿವೆನ್ ಅದರ ನಾಯಕ. ಪೆದ್ದ ಪೊಲೀಸ್ ಕ್ಲೂಸೋನ ಪಾತ್ರಕ್ಕೆ ಗೊತ್ತಾಗಿದ್ದ ಪೀಟರ್ ಉಸ್ತಿನೋವ್ ಕೊನೇ ಗಳಿಗೆಯಲ್ಲಿ ಕೈಕೊಟ್ಟದ್ದರಿಂದ ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಅವಸರದಲ್ಲಿ ಪೀಟರ್ ಸೆಲ್ಲರ್ಸ್‌ನನ್ನು ಕರೆಸಿಕೊಂಡರು. ಇಬ್ಬರಿಗೂ ಮೂಕಿಚಿತ್ರಗಳ ಹಾಸ್ಯದ ಹುಚ್ಚು. ಭೂಗೋಳವನ್ನು ಗಿರ್ರನೆ ತಿರುಗಿಸಿ, ಅದರ ಮೇಲೆಯೇ ಕೈಯೂರಲು ಹೋಗಿ ಕ್ಲೂಸೋ ನೆಲಕ್ಕೆ ಬೀಳುತ್ತಾನೆ. ಎದ್ದವನ ಮುಖದ ಗತ್ತು ಮಾತ್ರ ಕೂದಲೆಳೆಯಷ್ಟೂ ಕದಲುವುದಿಲ್ಲ. ಅಷ್ಟಾದ ಮೇಲೆ ಪ್ರೇಕ್ಷಕರಿಗೆ ನಿವೆನ್ ಯಾಕೆ ಬೇಕು?

ಮರುವರ್ಷವೇ ‘ಎ ಶಾಟ್ ಇನ್ ದ ಡಾರ್ಕ್’ ಬಂತು. ಅದು ಮೂಲತಃ ಒಂದು ನಾಟಕ. ಸಿನಿಮಾಕ್ಕೆ ಮೊದಲು ಗೊತ್ತಾಗಿದ್ದ ನಿರ್ದೇಶಕ ಅನತೋಲ್ ಲಿತ್ವಾಕ್. ಸೆಲ್ಲರ್ಸ್‌ಗೆ ಸರಿಬರಲಿಲ್ಲ, ಲಿತ್ವಾಕ್ ಹೊರಗೆ, ಎಡ್ವರ್ಡ್ಸ್ ಒಳಗೆ. ಎಡ್ವರ್ಡ್ಸ್ ನಾಟಕವನ್ನು ಬಹುಪಾಲು ಬದಿಗಿಟ್ಟು ಅದರೊಳಗೆ ಕ್ಲೂಸೋನನ್ನು ತಂದು ಕೂರಿಸಿದರು. ಆ ವಿಚಿತ್ರ ಫ್ರೆಂಚ್ ಉಚ್ಚಾರ, ಹೊಂಚು ಹಾಕಿ ಮೇಲೆರಗುವ ಸೇವಕ ಕ್ಯಾಟೋ, ಕ್ಲೂಸೋನ ಹೆಸರೆತ್ತಿದರೆ ಕಣ್ಣು ಪಟಪಟ ಬಡಿಯುವ ಮೇಲಧಿಕಾರಿ ಡ್ರೇಫಸ್, ಎಲ್ಲ ಇಲ್ಲಿಂದ ಶುರು. ಜಗಳವೂ ಇಲ್ಲಿಂದಲೇ. ಚಿತ್ರ ಮುಗಿಯುವ ಹೊತ್ತಿಗೆ ಇಬ್ಬರೂ ಇನ್ನೊಮ್ಮೆ ಜೊತೆಯಲ್ಲಿ ಕೆಲಸ ಮಾಡುವುದಿಲ್ಲವೆಂದು ಶಪಥ ಮಾಡಿದ್ದರು.

ಎಡ್ವರ್ಡ್ಸ್‌ಗೆ ನಗೆಯೆಂದರೆ ಲೆಕ್ಕಾಚಾರ: ಯಾವ ಬಾಗಿಲು ಯಾವ ಕ್ಷಣಕ್ಕೆ ತೆರೆಯಬೇಕೆಂಬುದು ಮೊದಲೇ ತೀರ್ಮಾನ. ಸೆಲ್ಲರ್ಸ್‌ದು ಮೈಮೇಲೆ ಬಂದಂಥ ನಟನೆ; ಬಂದರೆ ಬಂತು, ಇಲ್ಲವಾದರೆ ದಿನವೇ ಹಾಳು. ಎಡ್ವರ್ಡ್ಸ್ ಹೇಳಿಕೊಳ್ಳುತ್ತಿದ್ದ ಒಂದು ಕತೆಯಿದೆ. ಒಂದು ದೃಶ್ಯ ಹೇಗೂ ಕೂರದೆ ಹೋದ ದಿನ ರಾತ್ರಿ ಸೆಲ್ಲರ್ಸ್ ಫೋನ್ ಮಾಡಿ, ಈಗಷ್ಟೇ ದೇವರೊಂದಿಗೆ ಮಾತಾಡಿದೆ, ಹೇಗೆ ಮಾಡಬೇಕೆಂದು ಅವನೇ ಹೇಳಿಕೊಟ್ಟ ಎಂದರಂತೆ. ಬೆಳಗ್ಗೆ ಹಾಗೇ ಚಿತ್ರೀಕರಿಸಿದರು, ಪೂರಾ ಕೆಟ್ಟಿತು. ಇನ್ನೊಮ್ಮೆ ಮಾತಾಡಿದಾಗ ಸಿನಿಮಾ ಉಸಾಬರಿ ಬೇಡವೆಂದು ದೇವರಿಗೆ ಹೇಳು ಅಂದರಂತೆ ಎಡ್ವರ್ಡ್ಸ್. ಸೆಲ್ಲರ್ಸ್‌ನ ಕಡೆಯ ಕತೆ ನಮಗೆ ಸಿಕ್ಕಿಲ್ಲ ಅನ್ನಿ.

1968ರಲ್ಲಿ ಅಲನ್ ಆರ್ಕಿನ್‌ರನ್ನು ಹಾಕಿ ಬೇರೆಯವರು ‘ಇನ್ಸ್‌ಪೆಕ್ಟರ್ ಕ್ಲೂಸೋ’ ತೆಗೆದರು, ಜನ ಒಪ್ಪಲಿಲ್ಲ. ಅದೇ ವರ್ಷ ಈ ಶಪಥಧಾರಿಗಳು ‘ದಿ ಪಾರ್ಟಿ’ಗಾಗಿ ಕೂಡಿದ್ದರು. ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬಕ್ಷಿ ಎಂಬ ಭಾರತೀಯ ನಟನಾದ ಚಿತ್ರವದು, ಇವತ್ತು ನೋಡಿದರೆ ಇರುಸುಮುರುಸು. ಎಪ್ಪತ್ತರ ದಶಕದ ಆರಂಭದಲ್ಲಿ ಇಬ್ಬರ ಗ್ರಹಗತಿಯೂ ನೆಟ್ಟಗಿರಲಿಲ್ಲ. 1975, 1976, 1978ರಲ್ಲಿ ಮತ್ತೆ ಮೂರು ಪ್ಯಾಂಥರ್‌ಗಳು ಬಂದದ್ದಕ್ಕೆ ಸ್ನೇಹಕ್ಕಿಂತ ಇದು ದೊಡ್ಡ ಕಾರಣ. 1976ರದರಲ್ಲಿ ಡ್ರೇಫಸ್ ಪೂರ್ತಿ ಹುಚ್ಚನಾಗಿ, ಕ್ಲೂಸೋನ ತಲೆಗಾಗಿ ಇಡೀ ಜಗತ್ತಿಗೇ ಬೆದರಿಕೆ ಹಾಕುತ್ತಾನೆ. ಆ ಪಾತ್ರದಲ್ಲಿ ಎಡ್ವರ್ಡ್ಸ್ ತಮ್ಮ ಕತೆಯನ್ನೇ ಬರೆದುಕೊಂಡಿದ್ದಾರೇನೋ ಎಂಬ ಗುಮಾನಿ ನನಗೆ.

ಸೆಲ್ಲರ್ಸ್ ಕೊನೆಗೆ ಎಡ್ವರ್ಡ್ಸ್‌ರನ್ನು ಬಿಟ್ಟು ತಾವೇ ಒಂದು ಕ್ಲೂಸೋ ಚಿತ್ರಕಥೆಗೆ ಕೈಹಾಕಿದರು. ಚಿತ್ರೀಕರಣಕ್ಕೆ ಮೊದಲೇ, 1980ರ ಜುಲೈನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎಡ್ವರ್ಡ್ಸ್ ಹಿಂದೆ ಕತ್ತರಿಸಿ ಬಿಸಾಡಿದ್ದ ತುಣುಕುಗಳನ್ನು ಹೆಕ್ಕಿ, 1982ರಲ್ಲಿ ‘ಟ್ರೇಲ್ ಆಫ್ ದ ಪಿಂಕ್ ಪ್ಯಾಂಥರ್’ ಕಟ್ಟಿ, ಅದನ್ನು ಸೆಲ್ಲರ್ಸ್‌ಗೇ ಅರ್ಪಿಸಿದರು. ಸೆಲ್ಲರ್ಸ್ ಕಡೆಯವರು ಕೋರ್ಟಿಗೆ ಹೋದರು. ನಟನ ಒಪ್ಪಿಗೆಯಿಲ್ಲದೆ ಆ ತುಣುಕುಗಳನ್ನು ಬಳಸುವಂತಿರಲಿಲ್ಲವೆಂದ ಇಂಗ್ಲೆಂಡಿನ ನ್ಯಾಯಾಲಯ ಹತ್ತು ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಎಡ್ವರ್ಡ್ಸ್ ಆಮೇಲೂ ಸುಮ್ಮನಿರಲಿಲ್ಲ. 1993ರಲ್ಲಿ ರೊಬರ್ಟೊ ಬೆನಿನ್ಯಿಯನ್ನು ಕ್ಲೂಸೋನ ಮಗನಾಗಿಸಿ ಇನ್ನೊಂದು ಪ್ಯಾಂಥರ್ ತೆಗೆದರು. ಅದೂ ಓಡಲಿಲ್ಲ. ಅವರು ನಿರ್ದೇಶಿಸಿದ ಕೊನೆಯ ಸಿನಿಮಾ ಅದೇ.