ಹಂಡೆಯ ನೀರೂ ಸರ್ಕಾರದ ರಿಯಾಯಿತಿಯೂ

ಮಾಗಿಯ ಮುಂಜಾವಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ಯಾವುದೇ ಹಳ್ಳಿಯನ್ನು ಹೊಕ್ಕವನ ಕಣ್ಣಿಗೆ ಮೊದಲು ಬೀಳುವುದು ಬಚ್ಚಲುಮನೆಯ ಹೊಗೆ. ತರೀಕೆರೆಯ ತೋಟದ ಮನೆಗಳಲ್ಲಿ ಅಡಕೆಯ ಸಿಪ್ಪೆ, ಬೀರೂರು ಕಡೂರುಗಳ ಕಡೆಯಲ್ಲಿ ತೆಂಗಿನ ಗರಿ ಮಟ್ಟೆಗಳು, ಅಜ್ಜಂಪುರದ ಬಯಲಿನಲ್ಲಿ ಜಾಲಿಯ ಸೌದೆ ಹಂಡೆಯ ಕೆಳಗೆ ಉರಿಯುತ್ತವೆ. ಶೀತದೇಶದವರಂತೆ ಕೊಠಡಿಗಳನ್ನು ಕಾಯಿಸುವ ಅಗತ್ಯ ನಮಗಿಲ್ಲ. ನಮ್ಮ ಗೃಹಸ್ಥರು ಕಾಯಿಸುವುದು ಸ್ನಾನದ ನೀರನ್ನು. ಮನೆಯನ್ನು ತಂಪುಮಾಡುವ ಚಿಂತೆ ಬರುವುದು ಚೈತ್ರ ವೈಶಾಖಗಳಲ್ಲಿ, ತಗಡಿನ ಮಾಡಿನ ಕೆಳಗೆ ಮಕ್ಕಳು ನಿದ್ದೆಗೆಟ್ಟು ಹೊರಳಾಡುವಾಗ. ಈ ಎರಡು ಕಾರ್ಯಗಳಿಗಾಗಿ ಸರ್ಕಾರದವರು ಕೊಡುವ ರಿಯಾಯಿತಿಗಳು ಯಾರ ಹೊಸಿಲನ್ನು ಮುಟ್ಟುತ್ತವೆ, ಯಾರದನ್ನು ದಾಟಿ ಹೋಗುತ್ತವೆ ಎಂಬುದನ್ನು ಇಂದು ನಮ್ಮ ವಾಚಕ ಮಹಾಶಯರ ಮುಂದಿಡಬಯಸುತ್ತೇವೆ.

ಎಲ್ಲಕ್ಕೂ ದೊಡ್ಡದು ಗೃಹಜ್ಯೋತಿ. ೨೦೨೩ರ ಜುಲೈ ತಿಂಗಳ ಬಳಕೆಯಿಂದ ಆರಂಭವಾದ ಈ ಯೋಜನೆಯಲ್ಲಿ ೨೦೦ ಯೂನಿಟ್ಟಿನವರೆಗೆ ವಿದ್ಯುತ್ತು ಉಚಿತವೆಂದು ಜನರು ತಿಳಿದಿರುವರು. ವಾಸ್ತವವು ಅಷ್ಟು ಸರಳವಲ್ಲ. ೨೦೨೨-೨೩ರಲ್ಲಿ ಆ ಮನೆಯು ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ ೧೦ರಷ್ಟನ್ನು ಸೇರಿಸಿ, ಬಂದ ಮೊತ್ತವನ್ನೇ ಆ ಮನೆಯ ಪಾಲೆಂದು ಗೊತ್ತುಮಾಡಲಾಗಿದೆ. ಪಾಲನ್ನು ಮೀರಿ ೨೦೦ರ ಒಳಗೆ ಬಳಸಿದವನು ಮಿಕ್ಕ ಯೂನಿಟ್ಟುಗಳಿಗೆ ಹಣ ತೆರಬೇಕು. ೨೦೦ನ್ನು ದಾಟಿದವನು ಎಲ್ಲಕ್ಕೂ ತೆರಬೇಕು.

ಇದರ ಫಲವೇನೆಂಬುದನ್ನು ಒಂದೇ ಬೀದಿಯ ಎರಡು ಮನೆಗಳನ್ನು ಕಲ್ಪಿಸಿಕೊಂಡು ನೋಡೋಣ. ಮೊದಲನೆಯ ಮನೆಯವರು ಆಗಲೇ ಗೀಜರ್ ಇಟ್ಟುಕೊಂಡಿದ್ದವರು. ಅವರ ಸರಾಸರಿ ೧೫೦ ಯೂನಿಟ್ಟು, ಪಾಲು ೧೬೫. ಎರಡನೆಯ ಮನೆಯವರು ಹಂಡೆಗೆ ಸೌದೆ ಒಟ್ಟುತ್ತಿದ್ದವರು. ಸರಾಸರಿ ೬೦, ಪಾಲು ೬೬. ಈಗ ಎರಡನೆಯ ಮನೆಯ ಹಿರಿಯಾಕೆಗೆ ಹೊಗೆಯಿಂದ ಉಬ್ಬಸ ಹೆಚ್ಚಿ, ಮಗನು ೨ ಕಿಲೋವ್ಯಾಟ್ಟಿನ ಗೀಜರೊಂದನ್ನು ತಂದು ಹಾಕುತ್ತಾನೆನ್ನೋಣ. ದಿನಕ್ಕೆ ಒಂದು ಗಂಟೆ ನಡೆದರೆ ೨ ಯೂನಿಟ್ಟು, ತಿಂಗಳಿಗೆ ೬೦. ಆ ಮನೆಯ ಬಳಕೆ ೧೨೦ಕ್ಕೆ ಏರಿ, ೫೪ ಯೂನಿಟ್ಟಿಗೆ ಹಣ ತೆರಬೇಕಾಗುವುದು. ಯೂನಿಟ್ಟಿಗೆ ಆರು ರೂಪಾಯಿಯ ಸುಮಾರು ಹಿಡಿದರೂ ತಿಂಗಳಿಗೆ ಮುನ್ನೂರಕ್ಕೆ ಮಿಕ್ಕಿತು. ಅದೇ ನೀರನ್ನು ಅದೇ ಗೀಜರಿನಲ್ಲಿ ಕಾಯಿಸುವ ಪಕ್ಕದ ಮನೆಯವರಿಗೆ ಬಿಲ್ಲು ಸೊನ್ನೆ! ಅಂದು ಮಿತವ್ಯಯದಲ್ಲಿದ್ದವನಿಗೆ ಇಂದು ದಂಡ, ಅಂದು ಧಾರಾಳವಾಗಿದ್ದವನಿಗೆ ಇಂದು ದಾನ. ಇದು ಯೋಜನೆಯನ್ನು ಮಾಡಿದವರ ಉದ್ದೇಶವಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕವು ಉದ್ದೇಶವನ್ನು ಕೇಳುವುದಿಲ್ಲ. ೨೦೨೪ರ ಜನವರಿಯಲ್ಲಿ ೪೮ ಯೂನಿಟ್ಟಿಗೆ ಕಡಮೆ ಬಳಸುವವರಿಗೆ ಶೇಕಡಾ ೧೦ರ ಬದಲು ೧೦ ಯೂನಿಟ್ಟುಗಳನ್ನೇ ಕೂಡಿಸಿಕೊಡುವುದೆಂದು ಮಂತ್ರಿಮಂಡಲವು ತೀರ್ಮಾನಿಸಿತು. ಅದು ಉಪಕಾರವೇ ಸರಿ. ಆ ಹತ್ತು ಯೂನಿಟ್ಟಿನಲ್ಲಿ ಗೀಜರು ಐದು ದಿನ ನಡೆದೀತು.

ಸೂರ್ಯನ ಶಾಖದಿಂದ ನೀರು ಕಾಯಿಸುವ ಸೋಲಾರ್ ಹೀಟರ್ ಇದೆಯಲ್ಲ ಎನ್ನುವಿರಿ. ಇದೆ, ಅದಕ್ಕೂ ರಿಯಾಯಿತಿಯ ಚರಿತ್ರೆಯಿದೆ. ಕೇಂದ್ರ ಸರ್ಕಾರದವರು ಕೊಡುತ್ತಿದ್ದ ಸಹಾಯಧನವು ೨೦೧೪ರಲ್ಲಿ ನಿಂತಿತು. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಇಂಥ ಹೀಟರ್ ಇಟ್ಟ ಮನೆಗೆ ಯೂನಿಟ್ಟಿಗೆ ೫೦ ಪೈಸೆಯಂತೆ, ತಿಂಗಳಿಗೆ ೫೦ ರೂಪಾಯಿ ಮೀರದಂತೆ ಸೋಡಿ ಕೊಡುವ ನಿಯಮವನ್ನು ಮಾಡಿದ್ದರು. ವರ್ಷಕ್ಕೆ ಹೆಚ್ಚೆಂದರೆ ೬೦೦ ರೂಪಾಯಿ. ಹೀಟರಿನ ಬೆಲೆ ಇಪ್ಪತ್ತು ಸಾವಿರದ ಸುಮಾರು. ಈ ಸೋಡಿಯನ್ನೇ ನಂಬಿ ಕುಳಿತವನ ಅಸಲು ಕೈಸೇರಲು ೩೩ ವರ್ಷ ಬೇಕು. ಅದೂ ಬಿಲ್ಲಿನಲ್ಲಿ ಕಳೆಯುವುದಕ್ಕೆ ಏನಾದರೂ ಇದ್ದರೆ! ಬಿಲ್ಲೇ ಸೊನ್ನೆಯಾದ ಮೇಲೆ ಐವತ್ತು ರೂಪಾಯಿಯನ್ನು ಯಾವುದರಿಂದ ಕಳೆಯುವುದು? ಒಂದು ಕೈ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕೈ ನಿರರ್ಥಕಮಾಡಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಸೋಲಾರ್ ಹೀಟರಿನ ಮೇಲಣ ಸರಕು ಸೇವಾ ತೆರಿಗೆಯು ಶೇಕಡಾ ೧೨ರಿಂದ ೫ಕ್ಕೆ ಇಳಿದುದು ಸಂತೋಷದ ವಿಷಯ. ಅದೇ ದಿನ ಹವಾನಿಯಂತ್ರಕದ ತೆರಿಗೆ ಶೇಕಡಾ ೨೮ರಿಂದ ೧೮ಕ್ಕೆ ಇಳಿಯಿತು ಎಂಬುದನ್ನೂ ವಾಚಕರು ಗಮನಿಸಬೇಕು.

ವಿಚಿತ್ರವೇನೆಂದರೆ, ಸೋಲಾರ್ ಹೀಟರಿನಿಂದ ನಿಜವಾಗಿ ಲಾಭ ಪಡೆಯಬಲ್ಲವನು ನಮ್ಮ ಎರಡನೆಯ ಮನೆಯವನೇ. ತಿಂಗಳಿಗೆ ಮುನ್ನೂರು ಉಳಿದರೆ ಐದಾರು ವರ್ಷಗಳಲ್ಲಿ ಅಸಲು ಬಂದಂತಾಯಿತು. ಆದರೆ ಇಪ್ಪತ್ತು ಸಾವಿರವನ್ನು ಒಟ್ಟಿಗೆ ತೆಗೆದಿಡುವ ಶಕ್ತಿಯಿಲ್ಲದವನೂ ಅವನೇ.

ಇನ್ನು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ. ೨೦೨೪ರ ಫೆಬ್ರುವರಿಯಲ್ಲಿ ಆರಂಭವಾಗಿ ೨೦೨೬-೨೭ರವರೆಗೆಂದು ನಿಗದಿಯಾದ, ಒಂದು ಕೋಟಿ ಮನೆಗಳನ್ನು ಗುರಿಯಾಗಿಟ್ಟುಕೊಂಡ ಈ ಯೋಜನೆಗೆ ೭೫,೦೨೧ ಕೋಟಿ ರೂಪಾಯಿ ಗೊತ್ತುಮಾಡಿದ್ದಾರೆ. ಮಾಡಿನ ಮೇಲೆ ೧ ಕಿಲೋವ್ಯಾಟ್ಟಿನ ಫಲಕಗಳಿಗೆ ೩೦,೦೦೦, ಎರಡಕ್ಕೆ ೬೦,೦೦೦, ಮೂರಕ್ಕೂ ಅದಕ್ಕೆ ಮೇಲ್ಪಟ್ಟದ್ದಕ್ಕೂ ೭೮,೦೦೦ ರೂಪಾಯಿ ಸಹಾಯಧನ. ದೇಶದಲ್ಲಿಯೇ ತಯಾರಾದ ಫಲಕಗಳಿಗೆ ಮಾತ್ರ ಈ ಹಣ ದೊರೆಯುವುದೆಂಬ ನಿಬಂಧನೆಯನ್ನು ಸ್ವದೇಶಿಯ ವ್ರತವುಳ್ಳ ನಮ್ಮ ಪತ್ರಿಕೆಯು ಹೃತ್ಪೂರ್ವಕವಾಗಿ ಸ್ವಾಗತಿಸುತ್ತದೆ. ಬಯಲುಸೀಮೆಯ ಬಿಸಿಲಿಗೆ ೧ ಕಿಲೋವ್ಯಾಟ್ಟಿನಿಂದ ತಿಂಗಳಿಗೆ ೧೨೦ ಯೂನಿಟ್ಟಿನ ಸುಮಾರು ಬರಬಹುದು. ಬೇಕಾದ ಜಾಗ ನೆರಳು ಬೀಳದ ೧೦೦ ಚದರಡಿ. ೩ ಕಿಲೋವ್ಯಾಟ್ಟಿನವರೆಗೆ ಬ್ಯಾಂಕುಗಳಲ್ಲಿ ಅಡಮಾನವಿಲ್ಲದ ಸಾಲವೂ ಉಂಟು. ತಾರಸಿ ಮನೆಯುಳ್ಳವರೂ ೨೦೦ ಯೂನಿಟ್ಟು ದಾಟಿ ಪೂರ್ಣ ಬಿಲ್ಲು ತೆರುತ್ತಿರುವವರೂ ಇದನ್ನು ಬಿಟ್ಟುಕೊಡುವುದು ಅವಿವೇಕ. ಸರ್ಕಾರದ ರಿಯಾಯಿತಿ ಶಾಶ್ವತವಲ್ಲ. ಅಮೇರಿಕದವರು ೨೦೨೨ರ ಕಾಯಿದೆಯಿಂದ ಹೀಟ್ ಪಂಪ್ ಹಾಕಿಸಿದ ಗೃಹಸ್ಥನಿಗೆ ವೆಚ್ಚದ ಶೇಕಡಾ ೩೦ರಷ್ಟನ್ನು, ೨,೦೦೦ ಡಾಲರಿನ ಮಿತಿಯಲ್ಲಿ, ಆದಾಯ ತೆರಿಗೆಯಲ್ಲಿಯೇ ಕಳೆದುಕೊಡುತ್ತಿದ್ದರು. ೨೦೨೫ರಲ್ಲಿ ಬಂದ ಇನ್ನೊಂದು ಕಾಯಿದೆಯು ಆ ವರ್ಷದ ಡಿಸೆಂಬರ್ ೩೧ಕ್ಕೆ ಅದನ್ನು ಮುಗಿಸಿತು.

ಆದರೆ ಸೂರ್ಯಘರ್ ಹಣವೂ ಕೆಲಸ ಮುಗಿದು, ಮೀಟರು ಕೂಡಿ, ತಪಾಸಣೆಯಾದ ಮೇಲೆ ಬರತಕ್ಕದ್ದು. ನಮ್ಮ ಹಳ್ಳಿಗಳಲ್ಲಿ ಮೀಟರಿನ ಆರ್.ಆರ್. ನಂಬರು ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಮನೆಗಳೆಷ್ಟು! ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ, ಖಾತೆ ಮಾತ್ರ ಒಂದಾಗಿರುವ ಮನೆಗಳೆಷ್ಟು! ಮೀಟರಿನ ಹೆಸರೂ ಬ್ಯಾಂಕಿನ ಹೆಸರೂ ಒಂದಕ್ಕೊಂದು ಕೂಡದಿದ್ದರೆ ಅರ್ಜಿಯು ಮೊದಲ ಮೆಟ್ಟಿಲಿನಲ್ಲಿಯೇ ಮುಗ್ಗರಿಸುತ್ತದೆ.

ತಂಪಿನ ವಿಷಯದಲ್ಲಂತೂ ಬಡವನಿಗೆ ಹೇಳಿಕೊಳ್ಳುವ ರಿಯಾಯಿತಿಯೇ ಇಲ್ಲ. ಹಳೆಯ ಫ್ಯಾನು ೭೫ ವ್ಯಾಟ್ಟು ನುಂಗುವಲ್ಲಿ ಹೊಸ ಬಗೆಯದು ೩೦ ವ್ಯಾಟ್ಟಿನ ಸುಮಾರಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಬೆಲೆ ಮಾತ್ರ ಹೆಚ್ಚು. ತಾರಸಿಗೂ ತಗಡಿಗೂ ಬಿಳಿಯ ಸುಣ್ಣ ಬಳಿದರೆ ಬಿಸಿಲು ಹಿಂದಿರುಗಿ ಒಳಗಿನ ಧಗೆ ತಗ್ಗುವುದೆಂಬುದು ನಮ್ಮ ಹಿರಿಯರಿಗೆ ತಿಳಿದಿದ್ದ ಸಂಗತಿ. ಅದನ್ನೇ ತೆಲಂಗಾಣದವರು ೨೦೨೩ರಲ್ಲಿ ತಂಪು ಮಾಡಿನ ನೀತಿಯೆಂದು ಪ್ರಕಟಿಸಿ ಆಚರಣೆಗೆ ತಂದರು. ನಾವು ಸುಣ್ಣದ ಬುಟ್ಟಿಯನ್ನು ದೀಪಾವಳಿಗೆ ಮಾತ್ರ ಇಳಿಸುವೆವು.

೧೯೪೭ರವರೆಗೆ ಜಿಲ್ಲೆಗೇ ತನ್ನ ಹೆಸರನ್ನು ಕೊಟ್ಟಿದ್ದ ಕಡೂರೂ, ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಕಟ್ಟಿಸಿಕೊಂಡು ನಾಡಿಗೆ ನೀರನ್ನೂ ವಿದ್ಯುತ್ತನ್ನೂ ಕೊಡುತ್ತಿರುವ ತರೀಕೆರೆಯೂ, ಈಚೆಗೆ ತಾಲ್ಲೂಕಾದ ಅಜ್ಜಂಪುರವೂ ಕೇಳಬೇಕಾದುದು ಭಿಕ್ಷೆಯಲ್ಲ, ಸರಿಯಾದ ಲೆಕ್ಕ. ೨೦೨೨-೨೩ರ ಬಳಕೆಯೆಂಬ ಅಳತೆಗೋಲನ್ನು ಸರ್ಕಾರದವರು ಕೈಬಿಡಬೇಕು. ಬಿಡಲಾಗದಿದ್ದರೆ, ಆಗ ಸೌದೆ ಉರಿಸುತ್ತಿದ್ದ ಮನೆಗೆ ನೀರು ಕಾಯಿಸುವ ಮಟ್ಟಿನ ಯೂನಿಟ್ಟುಗಳನ್ನಾದರೂ ಕೂಡಿಸಬೇಕು. ಅದೂ ಭಾರವೆನಿಸಿದರೆ, ಆ ಯೂನಿಟ್ಟುಗಳ ಬೆಲೆಯನ್ನು ಸೋಲಾರ್ ಹೀಟರಿನ ಸಾಲದ ಕಂತಿಗೆ ಜಮಾಮಾಡಲಿ. ಐದಾರು ವರ್ಷಗಳಲ್ಲಿ ಸಾಲ ತೀರುವುದು, ಸರ್ಕಾರದ ಹೊರೆಯೂ ಅಲ್ಲಿಗೆ ನಿಲ್ಲುವುದು. ಸಹಾಯಧನ ಬರುವವರೆಗಿನ ಹಣವನ್ನು ನಮ್ಮ ಊರುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಮುಂಗಡವಾಗಿ ಕೊಡುವ ಏರ್ಪಾಡಾಗಬೇಕು. ಮೂರು ತಾಲ್ಲೂಕುಗಳಿಗೂ ವಿದ್ಯುತ್ತು ಒದಗಿಸುವ ಮೆಸ್ಕಾಂನವರು ಸಂತೆಯ ದಿನ ಸಂತೆಯೂರಿನಲ್ಲಿಯೇ ಕುಳಿತು ಆರ್.ಆರ್. ನಂಬರುಗಳ ಹೆಸರು ಬದಲಾವಣೆಯನ್ನು ಮಾಡಿಕೊಡತಕ್ಕದ್ದು.

ವಾಚಕರು ತಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ಟುಗಳೆಷ್ಟು, ೨೦೨೨-೨೩ರಲ್ಲಿ ನೀರು ಕಾಯಿಸುತ್ತಿದ್ದುದು ಯಾವುದರಿಂದ ಎಂಬ ಎರಡೇ ಸಂಗತಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಬೇಕೆಂದು ಕೋರುತ್ತೇವೆ. ಬಂದ ಕಾರ್ಡುಗಳನ್ನು ತಾಲ್ಲೂಕುವಾರು ಪಟ್ಟಿಮಾಡಿ ಇದೇ ಪುಟದಲ್ಲಿ ಪ್ರಕಟಿಸುವೆವು. ಒಂದು ಪ್ರತಿಯನ್ನು ಇಂಧನ ಇಲಾಖೆಯ ಮಂತ್ರಿಗಳಿಗೂ ಕಳುಹಿಸುವೆವು.