ಥಂಡಿ ತೆರೆದ ಮೊಗ್ಗು

ಎಳ್ಳಮಾಸಿ ಮುಗಿದ ಮರುವಾರ. ಬೆಳಗಿನ ಆರೂವರೆಗೆ ಉಣಕಲ್ ಕೆರೆಯ ಮೇಲೆ ಮಂಜು ಹಾಸಿತ್ತು. ವಾಕಿಂಗಿಗೆ ಬಂದವರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ಸರಸರ ನಡೆಯುತ್ತಿದ್ದರೆ, ನಾನು ಹತ್ತಿರದ ಹಿತ್ತಲೊಂದರಲ್ಲಿ ಆಪೂಸ್ ಮಾವಿನ ಟೊಂಗೆ ಬಗ್ಗಿಸಿ ಹಿಡಿದು ನಿಂತಿದ್ದೆ. ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಮೊಗ್ಗು. ಹೊರಗಿನ ಪೊರೆ ಒಂದು ಕಡೆ ಬಿರಿದು ಒಳಗಿನ ನಸುಗೆಂಪು ಇಣುಕುತ್ತಿದೆ. ಹೋದ ವಾರ ಇದು ಗಟ್ಟಿಯಾಗಿ ಮುಚ್ಚಿತ್ತು!

‘ಥಂಡಿ ಹಿಂಗ ಹಿಡೀಬೇಕ್ರಿ. ಮ್ವಾಡ ಆದ್ರ ಹೂವೆಲ್ಲಾ ಉದರತಾವು’ ಅಂದರು ಹಿತ್ತಲಿನ ಅಜ್ಜ.

ಎಂಥ ಮಾತು! ಮಾವಿನ ಬಲಿತ ಎಲೆಗಳು ತಂಪು ರಾತ್ರಿಗಳನ್ನು ಗುರುತಿಸಿ ಮೊಗ್ಗಿಗೆ ಸುದ್ದಿ ಮುಟ್ಟಿಸುತ್ತವೆ. ಎಲೆಯಾಗಬೇಕಿದ್ದ ಮೊಗ್ಗು ಹೂವಾಗುತ್ತದೆ. ಅದೇ ಥಂಡಿ ಸೊನ್ನೆಗಿಂತ ಕೆಳಗಿಳಿದರೆ ಆ ಹೂವು ಸುಟ್ಟಂತೆ ಕಪ್ಪಾಗುತ್ತದೆ. ಉತ್ತರ ಪ್ರದೇಶದಲ್ಲಿ ಮಾವಿನ ಸಸಿಗಳಿಗೆ ಹುಲ್ಲಿನ ಗುಡಿಸಲು ಕಟ್ಟುವುದು, ಬುಡಕ್ಕೆ ನೀರು ಹಾಯಿಸುವುದು ಇದಕ್ಕಾಗಿಯೇ. ಹಸಿ ನೆಲ ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ.

ಉಣಕಲ್ಲಿನಲ್ಲಿ ಇಬ್ಬನಿ ಗಡ್ಡೆ ಕಟ್ಟುವುದಿಲ್ಲ. ಅದನ್ನು ನೋಡಬೇಕೆಂದರೆ ನೀಲಗಿರಿಗೆ ಹೋಗಬೇಕು. ಮೋಡವಿಲ್ಲದ ಜನವರಿ ರಾತ್ರಿ ನೆಲದ ಕಾವು ಸೀದಾ ಆಕಾಶಕ್ಕೆ ಹಾರಿಹೋಗಿ, ಭಾರವಾದ ತಣ್ಣನೆಯ ಗಾಳಿ ತಗ್ಗಿಗೆ ಇಳಿಯುತ್ತದೆ. ಬೆಳಗಾದರೆ ಹುಲ್ಲುಗಾವಲು ಬೆಳ್ಳಗೆ! ನಾಲ್ಕು ಹೆಜ್ಜೆ ಆಚೆ ಶೋಲಾ ಕಾಡಿನ ಕೊಡೆಯ ಕೆಳಗೆ ಹಿಮದ ಸುಳಿವಿಲ್ಲ. ಕಾಡಿನ ಮರದ ಎಳೆ ಸಸಿ ಬಯಲಿಗೆ ಬಂದರೆ ಬದುಕುವುದು ಕಷ್ಟ, ಕೆಂಪು ಹೂವಿನ ರೋಡೊಡೆಂಡ್ರಾನ್ ಮಾತ್ರ ಅದೇ ಬಯಲಲ್ಲಿ ಗಟ್ಟಿಯಾಗಿ ನಿಂತಿರುತ್ತದೆ.

ಹಾಗಾದರೆ ಸೈಬೀರಿಯಾದ ಮರಗಳು? ಓದುತ್ತ ಹೋದಂತೆ ನನಗೆ ಉಸಿರೇ ನಿಂತಿತು. ಅಲ್ಲಿ ನೀರು ಮೊದಲು ಗಡ್ಡೆಯಾಗುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಕೋಶ ವಿಜಯಪುರದ ಒಣದ್ರಾಕ್ಷಿಯ ಹಾಗೆ ಸುಕ್ಕಾಗಿ, ಒಳಗೆ ಸಕ್ಕರೆ ಪಾಕದಂಥ ಮಂದ ರಸ ಉಳಿಯುತ್ತದೆ. ಪಾಕ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಕೋಶದ ಒಳಗೇ ಹರಳು ಮೂಡಿದರೆ ಪೊರೆ ಹರಿದು ಕಥೆ ಮುಗಿಯುತ್ತದೆ. ಜಪಾನಿನ ಅಕಿರಾ ಸಕಾಯ್ 1960ರಲ್ಲಿ ಚಳಿಗಾಲದ ವಿಲ್ಲೋ ಕಡ್ಡಿಗಳನ್ನು ಮೊದಲು ಸೊನ್ನೆಗಿಂತ 30 ಡಿಗ್ರಿ ಕೆಳಗೆ ತಣಿಸಿ, ಆಮೇಲೆ ದ್ರವ ಸಾರಜನಕದಲ್ಲಿ ಅದ್ದಿದರು. ಮೈನಸ್ 196 ಡಿಗ್ರಿ! ಕಡ್ಡಿಗಳು ಜೀವ ಬಿಡಲಿಲ್ಲ.

ಬೇಸಿಗೆಯಲ್ಲಿ ಅದೇ ಮರದ ಚಿಗುರು ಮೈನಸ್ ಐದಾರು ಡಿಗ್ರಿಗೇ ಸತ್ತುಹೋಗುತ್ತದೆ. ಹಗಲು ಗಿಡ್ಡವಾದಾಗ ಮರ ಬೆಳವಣಿಗೆ ನಿಲ್ಲಿಸುತ್ತದೆ. ನಂತರದ ತಂಪು ರಾತ್ರಿಗಳಲ್ಲಿ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಕಾಲ ಮೀರಿ ಗೊಬ್ಬರ ಕೊಟ್ಟು ಚಿಗುರಿಸಿದರೆ ಈ ತಯಾರಿಯೇ ಕೆಡುತ್ತದೆ. ನಡುಚಳಿಗಾಲದ ಒಂದು ಬೆಚ್ಚನೆಯ ವಾರವೂ ಸಾಕು, ಗಳಿಸಿದ ಬಲ ಕರಗಿಹೋಗಲು.

ಮಾವಿಗೆ ಈ ವಿದ್ಯೆ ಬರುವುದಿಲ್ಲ. ಆದರೂ ಅದೂ ರಾತ್ರಿಗಳ ಲೆಕ್ಕ ಇಟ್ಟಿದೆಯಲ್ಲ! ಹಿಡಿದಿದ್ದ ಟೊಂಗೆ ಬಿಟ್ಟು ಪಕ್ಕದ್ದನ್ನು ಬಗ್ಗಿಸಿದೆ. ಹೋದ ತಿಂಗಳು ತಡವಾಗಿ ಚಿಗುರಿದ ತಾಮ್ರದ ಬಣ್ಣದ ಎಲೆಗಳು ಅಲ್ಲಿ ಜೋತುಬಿದ್ದಿದ್ದವು. ಥಂಡಿ ಅವುಗಳ ಮೇಲೂ ಅಷ್ಟೇ ಬಿದ್ದಿತ್ತು. ತುದಿಯಲ್ಲಿ ಮೊಗ್ಗಿರಲಿಲ್ಲ.